ಒಂದೇ ಟೊಂಗೆಯ ಎರಡು ಜೋಕಾಲಿ: ಎಲೆಕ್ಟ್ರಾನ್ ಮನೆ ಬದಲಿಸುವ ಬಗೆ

ನಮ್ಮ ಬಾಗಲಕೋಟೆ ಕಡೆ ನಾಗರ ಪಂಚಮಿ ಅಂದರೆ ಉಂಡಿ ಮತ್ತು ಜೋಕಾಲಿ. ಮುಧೋಳದ ಹತ್ತಿರ ನಮ್ಮ ಅಜ್ಜಿಯ ಊರಲ್ಲಿ ಒಂದು ಹಳೇ ಬೇವಿನ ಮರ ಇತ್ತು. ಅದರ ಒಂದೇ ಟೊಂಗೆಗೆ ಎರಡು ಜೋಕಾಲಿ ಕಟ್ಟುತ್ತಿದ್ದರು. ಒಂದರಲ್ಲಿ ಅಕ್ಕ ಜೋರಾಗಿ ಜೀಕಿ, ಆಮೇಲೆ ಕಾಲು ಮಡಚಿಕೊಂಡು ತೂಗುತ್ತಾ ಕೂರುತ್ತಿದ್ದಳು. ಇನ್ನೊಂದರಲ್ಲಿ ನಾನು ಶೇಂಗಾ ಉಂಡಿ ಕಡಿಯುತ್ತಾ ಸುಮ್ನೆ ಕೂತಿರುತ್ತಿದ್ದೆ. ಸ್ವಲ್ಪ ಹೊತ್ತಿಗೆ ನನ್ನ ಜೋಕಾಲಿ ತಾನಾಗಿಯೇ ಅಲುಗತೊಡಗುತ್ತಿತ್ತು. ಇನ್ನಷ್ಟು ಹೊತ್ತಿಗೆ ನಾನು ಚೆನ್ನಾಗಿ ತೂಗುತ್ತಿದ್ದೆ, ಅಕ್ಕನ ಜೋಕಾಲಿ ಹೆಚ್ಚುಕಡಿಮೆ ನಿಂತೇ ಬಿಟ್ಟಿರುತ್ತಿತ್ತು. "ನನ್ನ ತೂಗು ನೀ ಕಸಗೊಂಡಿ" ಅಂತ ಅಕ್ಕ ಜಗಳ ತೆಗೆಯುತ್ತಿದ್ದಳು. ನಾನು ಏನೂ ಮಾಡಿರಲಿಲ್ಲ. ಮಾಡಿದ್ದೆಲ್ಲ ಟೊಂಗೆ.

ಈಗ ನಾನು ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಟ್ಯೂಷನ್ ಹೇಳುತ್ತೇನೆ. ಮೊನ್ನೆ ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಸರ್, ಪ್ರೋಟಾನು ಹೈಡ್ರೋಜನ್ ಬಾಜೂಕ ಹಾದು ಹೋಗೂ ಮುಂದ ಅದರ ಎಲೆಕ್ಟ್ರಾನ್ ತಗೊಂಡು ಹೋಗತೈತಿ ಅಂತಾರಲ್ರೀ. ಎಲೆಕ್ಟ್ರಾನ್ ಬಿಡಿಸಾಕ 13.6 ಎಲೆಕ್ಟ್ರಾನ್ ವೋಲ್ಟ್ ಬೇಕ್ರಿ. ಮತ್ತ ಅದು ಹೆಂಗ ಜಿಗೀತೈತ್ರಿ?"

ಎಷ್ಟು ಸರಿಯಾದ ಪ್ರಶ್ನೆ! ಎಲೆಕ್ಟ್ರಾನ್ ವೋಲ್ಟ್ ಅಂದರೆ ಪರಮಾಣುಗಳ ಲೋಕದಲ್ಲಿ ಶಕ್ತಿ ಅಳೆಯುವ ಮಾನ. ಹೈಡ್ರೋಜನ್ ಪರಮಾಣು ಅಂದರೆ ಒಂದು ಪ್ರೋಟಾನ್, ಅದಕ್ಕೊಂದು ಎಲೆಕ್ಟ್ರಾನ್. ಆ ಎಲೆಕ್ಟ್ರಾನನ್ನು ಪೂರ್ತಿ ಹೊರಗೆ ಎಳೆಯಲು ಅಷ್ಟು ಶಕ್ತಿ ಬೇಕೇ ಬೇಕು. ಆದರೆ ಪ್ರೋಟಾನ್ ಪಕ್ಕದಲ್ಲಿ ಹಾದು ಹೋದಾಗ ಅಷ್ಟು ಖರ್ಚೇ ಇಲ್ಲದೆ ಎಲೆಕ್ಟ್ರಾನ್ ಅದರ ಜೊತೆ ಹೊರಟುಬಿಡುತ್ತದೆ. ಬಂದದ್ದು ಬರಿಯ ಪ್ರೋಟಾನ್, ಹೋಗುವಾಗ ಅದು ಹೈಡ್ರೋಜನ್ ಪರಮಾಣು. ನಿಂತಿದ್ದ ಪರಮಾಣು ಈಗ ಬರಿಯ ಪ್ರೋಟಾನ್. ಇದಕ್ಕೆ ಚಾರ್ಜ್ ಎಕ್ಸ್‌ಚೇಂಜ್ ಅನ್ನುತ್ತಾರೆ. "ಜಿಗಿಯುವುದು" ಅನ್ನುವ ಮಾತೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಜಿಗಿಯಬೇಕಾದರೆ ಒಂದು ಮನೆ ಬಿಟ್ಟು ಬಯಲಿಗೆ ಬಂದು ಇನ್ನೊಂದು ಮನೆ ಸೇರಬೇಕು. ಎಲೆಕ್ಟ್ರಾನ್ ಬಯಲಿಗೆ ಬರುವುದೇ ಇಲ್ಲ.

ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಮನೆಯಲ್ಲಿ ಮಾಡಿ ನೋಡಿದರೆ ಹೆಚ್ಚು ಚೆನ್ನಾಗಿ ತಿಳಿಯುತ್ತದೆ.

ಪಡಸಾಲೆಯ ಎರಡು ಕಂಬಗಳ ನಡುವೆ ಒಂದು ಸುತಳಿ ಕಟ್ಟಿ. ಪೂರ್ತಿ ಬಿಗಿ ಬೇಡ, ಸ್ವಲ್ಪ ಜೋತು ಬಿದ್ದಿರಲಿ. ಒಂದೇ ಅಳತೆಯ ಎರಡು ಕೀಲಿ (ಬೀಗ) ತಗೊಳ್ಳಿ. ನಾನು ಟ್ರಂಕಿನ ಹಳೇ ಕೀಲಿಗಳನ್ನು ತಗೊಂಡಿದ್ದೆ. ಅರ್ಧ ಮೀಟರ್ ಉದ್ದದ ಎರಡು ದಾರದಲ್ಲಿ ಅವನ್ನು ಸುತಳಿಗೆ ಇಳಿಬಿಡಿ. ದಾರಗಳ ಉದ್ದ ಸರಿಯಾಗಿ ಒಂದೇ ಇರಬೇಕು. ಗುರುತಿಗೆ ಒಂದು ಕೀಲಿಗೆ ಕೆಂಪು ನೂಲು ಸುತ್ತಿ. ಈಗ ಕೆಂಪು ನೂಲಿನದನ್ನು ಮಾತ್ರ ನಿಮ್ಮ ಕಡೆಗೆ ಎಳೆದು ಬಿಡಿ. ಅದು ತೂಗುತ್ತದೆ. ಐದಾರು ತೂಗಿನ ಹೊತ್ತಿಗೆ ಇನ್ನೊಂದು ಮೆಲ್ಲಗೆ ಅಲುಗುತ್ತದೆ. ಕೆಂಪು ಕೀಲಿಯ ತೂಗು ಇಳಿಯುತ್ತಾ ಹೋಗುತ್ತದೆ. ನನ್ನ ಸುತಳಿಗೆ ಸುಮಾರು 20 ತೂಗು ಬೇಕಾಯಿತು. ಆಗ ಕೆಂಪು ಕೀಲಿ ನಿಂತೇ ಹೋಯಿತು, ಇನ್ನೊಂದು ಜೋರಾಗಿ ತೂಗುತ್ತಿತ್ತು. ಆಮೇಲೆ ಅದೇ ಆಟ ವಾಪಸ್ಸು.

ಈಗ ನಿಜವಾದ ಗುಟ್ಟು. ಎರಡೂ ಕೀಲಿಗಳನ್ನು ಒಟ್ಟಿಗೆ ಒಂದೇ ಕಡೆಗೆ ಎಳೆದು ಬಿಡಿ. ಎರಡೂ ಜೋಡಿಯಾಗಿ ತೂಗುತ್ತವೆ, ಕೊಡು-ಕೊಳ್ಳುವುದು ಏನೂ ಇಲ್ಲ. ಆಮೇಲೆ ಒಂದನ್ನು ಮುಂದಕ್ಕೆ, ಒಂದನ್ನು ಹಿಂದಕ್ಕೆ ಎಳೆದು ಬಿಡಿ. ಎದುರುಬದುರಾಗಿ ತೂಗುತ್ತವೆ, ಈಗಲೂ ವಿನಿಮಯ ಇಲ್ಲ. ಗಡಿಯಾರ ಹಿಡಿದು ಎಣಿಸಿದರೆ ಒಂದು ಸಣ್ಣ ವ್ಯತ್ಯಾಸ ಸಿಗುತ್ತದೆ. ಜೋಡಿಯಾಗಿ ತೂಗುವಾಗ ತಾಳ ಸ್ವಲ್ಪ ನಿಧಾನ, ಎದುರುಬದುರಾಗಿ ತೂಗುವಾಗ ಸ್ವಲ್ಪ ಚುರುಕು. ಒಂದೇ ಕೀಲಿಯನ್ನು ತೂಗಿಬಿಡುವುದು ಅಂದರೆ ಈ ಎರಡು ಬಗೆಯ ತೂಗನ್ನು ಸಮಪಾಲಿನಲ್ಲಿ ಬೆರೆಸಿದ ಹಾಗೆ. ಮೊದಲಿಗೆ ಎರಡೂ ತಾಳ ಕೂಡಿರುತ್ತವೆ. ಒಂದು ಚುರುಕು, ಒಂದು ನಿಧಾನ ಆದ್ದರಿಂದ ಹೊತ್ತು ಹೋದ ಹಾಗೆ ತಪ್ಪುತ್ತವೆ. ಪೂರ್ತಿ ತಪ್ಪಿದ ಗಳಿಗೆಯಲ್ಲಿ ತೂಗೆಲ್ಲ ಆ ಕಡೆ ಸೇರಿರುತ್ತದೆ.

ಎಲೆಕ್ಟ್ರಾನ್ ಕಥೆ ಇದೇ. ಎರಡು ಪ್ರೋಟಾನ್, ಒಂದು ಎಲೆಕ್ಟ್ರಾನ್. ಎರಡೂ ಪ್ರೋಟಾನ್ ಹತ್ತಿರ ಇದ್ದಾಗ ಎಲೆಕ್ಟ್ರಾನಿನ ಅಲೆ ಎರಡರ ಸುತ್ತಲೂ ಹರಡಬಹುದು. ಅದಕ್ಕೂ ಎರಡು ಬಗೆ: ಎರಡೂ ಕಡೆ ಒಂದೇ ಗುರುತಿನ ಅಲೆ, ಅಥವಾ ಒಂದು ಕಡೆ ಧನ, ಇನ್ನೊಂದು ಕಡೆ ಋಣ. ಜೋಡಿ ಅಲೆಯ ಶಕ್ತಿ ಸ್ವಲ್ಪ ಕಡಿಮೆ, ಎದುರುಬದುರು ಅಲೆಯದ್ದು ಸ್ವಲ್ಪ ಜಾಸ್ತಿ. ಕ್ವಾಂಟಮ್ ಮೆಕ್ಯಾನಿಕ್ಸ್‌ನಲ್ಲಿ ಶಕ್ತಿ ಅಂದರೆ ತಾಳವೇ. ಶಕ್ತಿ ಜಾಸ್ತಿ ಇದ್ದರೆ ಅಲೆ ಬೇಗ ಬೇಗ ತಿರುಗುತ್ತದೆ. "ಎಲೆಕ್ಟ್ರಾನ್ ಈ ಪ್ರೋಟಾನಿನ ಹತ್ತಿರ ಇದೆ" ಅಂದರೆ ಎರಡೂ ಅಲೆಗಳು ಸಮಪಾಲಿನಲ್ಲಿ ಕೂಡಿವೆ ಎಂದರ್ಥ. ತಾಳ ತಪ್ಪಿದಾಗ ಅದು ಆ ಪ್ರೋಟಾನಿನ ಹತ್ತಿರ ಇರುತ್ತದೆ. ಅದು ಎಲ್ಲೂ ಜಿಗಿದಿಲ್ಲ, 13.6 ಎಲೆಕ್ಟ್ರಾನ್ ವೋಲ್ಟ್ ಯಾರೂ ಕೊಟ್ಟಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕೀಲಿಗಳಲ್ಲಿ ಅರ್ಧ ದಾರಿಗೆ ಬಂದಾಗ ತೂಗಿನ ಶಕ್ತಿ ಅರ್ಧ ಇಲ್ಲಿ, ಅರ್ಧ ಅಲ್ಲಿ ಇರುತ್ತದೆ. ಎಲೆಕ್ಟ್ರಾನ್ ಹಾಗೆ ಹೋಳಾಗುವುದಿಲ್ಲ. ಅರ್ಧ ದಾರಿಯಲ್ಲಿ ನೋಡಿದರೆ ಇಡೀ ಎಲೆಕ್ಟ್ರಾನ್ ಇಲ್ಲಿ ಸಿಗುತ್ತದೆ, ಇಲ್ಲವೇ ಇಡೀ ಎಲೆಕ್ಟ್ರಾನ್ ಅಲ್ಲಿ. ಎರಡಕ್ಕೂ ಸಾಧ್ಯತೆ ಶೇಕಡಾ 50. ತೂಗುವುದು ಸಾಧ್ಯತೆಯನ್ನು ಹೇಳುವ ಅಲೆ. ಕೀಲಿಯ ಹೋಲಿಕೆ ತಾಳ ಹೇಳಿಕೊಡುತ್ತದೆ, ಈ ಒಂದು ಮಾತನ್ನು ಹೇಳಿಕೊಡುವುದಿಲ್ಲ. ನನಗೆ ಇಡೀ ವಿಷಯದಲ್ಲಿ ಇಂದಿಗೂ ಬೆರಗು ಹುಟ್ಟಿಸುವುದು ಇದೇ.

ಇನ್ನು ಟೊಂಗೆ ಯಾವುದು? ಎರಡು ಪ್ರೋಟಾನ್‌ಗಳ ನಡುವಿನ ದೂರ. ಸುತಳಿ ಬಿಗಿ ಮಾಡಿ ನೋಡಿ, ತೂಗು ದಾಟಲು ಜಾಸ್ತಿ ಹೊತ್ತು ಬೇಕಾಗುತ್ತದೆ. ಸಡಿಲ ಬಿಟ್ಟರೆ ಬೇಗ ದಾಟುತ್ತದೆ. ಪ್ರೋಟಾನ್‌ಗಳು ದೂರ ಇದ್ದರೆ ಬಿಗಿ ಸುತಳಿ, ಹತ್ತಿರ ಬಂದರೆ ಸಡಿಲ ಸುತಳಿ. ಈ ಬದಲಾವಣೆ ಎಷ್ಟು ಜೋರು ಅಂದರೆ, ಲೆಕ್ಕ ಹಾಕಿ ನೋಡಿದಾಗ ಹುಡುಗರು ನಂಬಲಿಲ್ಲ. ಎರಡು ಪ್ರೋಟಾನ್‌ಗಳ ನಡುವೆ 0.53 ನ್ಯಾನೋಮೀಟರ್ ದೂರ ಇದ್ದರೆ ಎರಡು ಅಲೆಗಳ ಶಕ್ತಿಯ ವ್ಯತ್ಯಾಸ ಬರೀ 0.018 ಎಲೆಕ್ಟ್ರಾನ್ ವೋಲ್ಟ್. ಎಲೆಕ್ಟ್ರಾನ್ ಒಂದು ಸಲ ದಾಟಲು ಸುಮಾರು 110 ಫೆಮ್ಟೋಸೆಕೆಂಡ್ ಬೇಕು. ದೂರವನ್ನು ಅರ್ಧ ಮಾಡಿ, 0.26 ನ್ಯಾನೋಮೀಟರ್. ವ್ಯತ್ಯಾಸ 1.3 ಎಲೆಕ್ಟ್ರಾನ್ ವೋಲ್ಟ್‌ಗೆ ಏರುತ್ತದೆ, ದಾಟಲು 1.6 ಫೆಮ್ಟೋಸೆಕೆಂಡ್ ಸಾಕು. ದೂರ ಅರ್ಧ ಆದದ್ದಕ್ಕೆ ಕೆಲಸ ಸುಮಾರು 70 ಪಟ್ಟು ಚುರುಕಾಯಿತು. ಫೆಮ್ಟೋಸೆಕೆಂಡ್ ಅಂದರೆ ಒಂದು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿ, ಅದರಲ್ಲಿ ಒಂದು ಪಾಲನ್ನು ಮತ್ತೆ ನೂರು ಕೋಟಿ ಪಾಲು ಮಾಡಿದರೆ ಸಿಗುವ ಒಂದು ಚೂರು.

ಬರುವ ಪ್ರೋಟಾನ್ ನಿಲ್ಲುವುದಿಲ್ಲ. ಹತ್ತಿರ ಬರುತ್ತದೆ, ಹಾದು ಹೋಗುತ್ತದೆ. ಸುತಳಿ ಒಂದು ಗಳಿಗೆ ಸಡಿಲವಾಗಿ ಮತ್ತೆ ಬಿಗಿಯಾದ ಹಾಗೆ. ಕೀಲಿಗಳು ತೂಗು ಬದಲಿಸುತ್ತಿರುವಾಗ ನಡುವಿನ ಸುತಳಿಯನ್ನು ಬೆರಳಲ್ಲಿ ಗಟ್ಟಿ ಹಿಡಿದು ನೋಡಿ. ವಿನಿಮಯ ನಿಂತುಬಿಡುತ್ತದೆ. ಆ ಕ್ಷಣಕ್ಕೆ ಯಾರ ಹತ್ತಿರ ಎಷ್ಟು ಇತ್ತೋ ಅಷ್ಟೇ ಅವರದ್ದು. ಹಾಗಾಗಿ ಎಲೆಕ್ಟ್ರಾನ್ ಯಾರ ಪಾಲಿಗೆ ಅನ್ನುವುದನ್ನು ತೀರ್ಮಾನ ಮಾಡುವುದು ಹೊತ್ತು. ಎಷ್ಟು ಹೊತ್ತು ಎಷ್ಟು ಹತ್ತಿರ ಇದ್ದವು ಅನ್ನುವುದೇ ಮುಖ್ಯ.

1000 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಪ್ರೋಟಾನ್ ಸೆಕೆಂಡಿಗೆ ಸುಮಾರು 440 ಕಿಲೋಮೀಟರ್ ಓಡುತ್ತದೆ. ಬಾಗಲಕೋಟೆಯಿಂದ ಬೆಳಗಾವಿಗೆ ಅರ್ಧ ಸೆಕೆಂಡೂ ಬೇಡ. ಆದರೂ ಪರಮಾಣುವಿನ ಪಕ್ಕದ ಅರ್ಧ ನ್ಯಾನೋಮೀಟರ್ ದಾಟಲು ಅದಕ್ಕೆ 1.1 ಫೆಮ್ಟೋಸೆಕೆಂಡ್ ಹಿಡಿಯುತ್ತದೆ. 0.26 ನ್ಯಾನೋಮೀಟರ್ ದೂರದಲ್ಲಿ ಎಲೆಕ್ಟ್ರಾನ್ ದಾಟಲು ಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಅದಕ್ಕೇ ಈ ವೇಗದಲ್ಲಿ ವಿನಿಮಯ ಸುಲಭ. ಅಳೆದು ನೋಡಿದರೆ, ಪ್ರೋಟಾನಿನ ಕಣ್ಣಿಗೆ ಹೈಡ್ರೋಜನ್ ಪರಮಾಣು ತನ್ನ ಬೋರ್ ವೃತ್ತಕ್ಕಿಂತ (ಪರಮಾಣುವಿನ ಗಾತ್ರ ತೋರಿಸಲು ಪುಸ್ತಕದಲ್ಲಿ ಬರೆಯುವ ವೃತ್ತ) ಸುಮಾರು 20 ಪಟ್ಟು ದೊಡ್ಡ ಗುರಿಯಾಗಿ ಕಾಣುತ್ತದೆ. ಮುಟ್ಟದೆಯೇ ಕೊಡು-ಕೊಳ್ಳುವ ನಡೆಯುತ್ತದೆ.

ಪ್ರೋಟಾನ್ ಇನ್ನೂ ಹತ್ತಿರ ಹಾದರೆ? ಆಗ ಎಲೆಕ್ಟ್ರಾನಿಗೆ ಒಂದಲ್ಲ, ಹಲವು ಸಲ ಆಚೆ ಈಚೆ ಹೋಗಿಬರಲು ಹೊತ್ತು ಸಿಗುತ್ತದೆ. ವೇಗವನ್ನು ಸ್ವಲ್ಪ ಬದಲಿಸಿದರೆ ಫಲಿತಾಂಶ ತಿರುವು ಮುರುವು ಆಗಬೇಕು. ಒಂದು ವೇಗದಲ್ಲಿ ಎಲೆಕ್ಟ್ರಾನ್ ಪ್ರೋಟಾನಿನ ಜೊತೆ ಹೋಗುತ್ತದೆ, ಸ್ವಲ್ಪ ಬೇರೆ ವೇಗದಲ್ಲಿ ಹಳೇ ಮನೆಯಲ್ಲೇ ಉಳಿಯುತ್ತದೆ. 1962ರಲ್ಲಿ ಅಮೆರಿಕದ ಲಾಕ್‌ವುಡ್ ಮತ್ತು ಎಡ್ಗರ್ ಎವರ್‌ಹಾರ್ಟ್ ಇದನ್ನು ಕಣ್ಣಾರೆ ಕಾಣುವಂತೆ ಮಾಡಿದರು. ಪ್ರೋಟಾನ್‌ಗಳನ್ನು ಹೈಡ್ರೋಜನ್ ಪರಮಾಣುಗಳತ್ತ ಬಿಟ್ಟು, 3 ಡಿಗ್ರಿ ತಿರುಗಿ ಹೊರಬಂದವನ್ನು ಮಾತ್ರ ಎಣಿಸಿದರು. ಅಷ್ಟು ತಿರುಗಬೇಕಾದರೆ ತುಂಬಾ ಹತ್ತಿರ ಹಾದಿರಬೇಕು. ವೇಗ ಬದಲಿಸುತ್ತಾ ಹೋದಂತೆ, ಎಲೆಕ್ಟ್ರಾನ್ ಹೊತ್ತು ತಂದವುಗಳ ಪಾಲು ಏರಿತು, ಇಳಿಯಿತು, ಮತ್ತೆ ಏರಿತು. ಹಾದು ಹೋಗುವ ಹೊತ್ತಿನ ಲೆಕ್ಕದಲ್ಲಿ ಗೆರೆ ಎಳೆದರೆ ಆ ಏರಿಳಿತ ಸಮನಾಗಿ ಕೂರುತ್ತದೆ. ನನ್ನ ಪಡಸಾಲೆಯ ಕೀಲಿಗಳ ತಾಳವೇ ಅದು, ಪ್ರೋಟಾನಿನ ಎಣಿಕೆಯಲ್ಲಿ ಬರೆದದ್ದು. ಏರಿಳಿತ ಪೂರ್ತಿ ನೂರಕ್ಕೂ ಹೋಗಲಿಲ್ಲ, ಪೂರ್ತಿ ಸೊನ್ನೆಗೂ ಇಳಿಯಲಿಲ್ಲ. ಅಷ್ಟು ಹತ್ತಿರ ಬಂದಾಗ ಎಲೆಕ್ಟ್ರಾನಿಗೆ ಬೇರೆ ಶಕ್ತಿಯ ಮಟ್ಟಗಳಿಗೂ ದಾರಿ ತೆರೆಯುತ್ತದೆ, ಒಂದಷ್ಟು ಅಲ್ಲಿ ಸೋರುತ್ತದೆ.

ಈವರೆಗೆ ಎರಡೂ ಜೋಕಾಲಿಯ ಹಗ್ಗ ಒಂದೇ ಉದ್ದ. ಬೇರೆ ಬೇರೆ ಆದರೆ? ಒಂದು ಕೀಲಿಯ ದಾರವನ್ನು ಕಾಲು ಭಾಗ ಮೋಟು ಮಾಡಿ ನೋಡಿ. ಸ್ವಲ್ಪ ತೂಗು ದಾಟುತ್ತದೆ, ಅಷ್ಟರಲ್ಲೇ ತಾಳ ತಪ್ಪಿ ವಾಪಸ್ ಬರುತ್ತದೆ. ಪೂರ್ತಿ ವಿನಿಮಯ ಆಗುವುದೇ ಇಲ್ಲ. ಬೇರೆ ಜಾತಿಯ ಪರಮಾಣು ಮತ್ತು ಅಯಾನು (ಎಲೆಕ್ಟ್ರಾನ್ ಕಳೆದುಕೊಂಡ ಇಲ್ಲವೇ ಹೆಚ್ಚು ಪಡೆದ ಪರಮಾಣು) ಸೇರಿದಾಗ ಹೀಗೇ. ಮೆಲ್ಲಗೆ ಹಾದು ಹೋದರೆ ವಿನಿಮಯ ಬಹಳ ಕಡಿಮೆ. ಆದರೆ ಇಲ್ಲಿ ಒಂದು ಅನುಕೂಲ ಇದೆ. ಹತ್ತಿರದ ಅಯಾನಿನ ವಿದ್ಯುತ್ ಬಲದಿಂದ ಶಕ್ತಿಯ ಮಟ್ಟಗಳೇ ಮೇಲೆ ಕೆಳಗೆ ಸರಿಯುತ್ತವೆ. ಯಾವುದೋ ಒಂದು ದೂರದಲ್ಲಿ ಎರಡು ಮಟ್ಟ ಸಮ ಆಗಬಹುದು, ಹಗ್ಗ ಒಂದೇ ಉದ್ದ ಆದ ಹಾಗೆ. ಆ ಜಾಗ ದಾಟುವ ಹೊತ್ತಿನಲ್ಲಿ ಎಲೆಕ್ಟ್ರಾನ್ ಮನೆ ಬದಲಿಸುತ್ತದೆ. ಅದರ ಸಾಧ್ಯತೆಯ ಲೆಕ್ಕವನ್ನು 1932ರಲ್ಲಿ ಲಾಂಡೌ ಮತ್ತು ಜೀನರ್ ಎಂಬ ಇಬ್ಬರು ಭೌತವಿಜ್ಞಾನಿಗಳು ಬೇರೆ ಬೇರೆಯಾಗಿ ಕೊಟ್ಟರು.

ಇದರಿಂದ ಬಿಡಿಸಿದ ಒಂದು ಒಗಟು ನನಗೆ ತುಂಬಾ ಇಷ್ಟ. 1996ರ ಮಾರ್ಚ್‌ನಲ್ಲಿ ಹ್ಯಾಕುಟಾಕೆ ಧೂಮಕೇತು ಭೂಮಿಯ ಹತ್ತಿರ ಬಂತು. ರೋಸ್ಯಾಟ್ ಉಪಗ್ರಹ ನೋಡಿದಾಗ ಅದರಿಂದ ಎಕ್ಸ್-ರೇ ಬರುತ್ತಿತ್ತು. ಧೂಮಕೇತು ಅಂದರೆ ಹಿಮ ಮತ್ತು ಧೂಳು. ಎಕ್ಸ್-ರೇ ಬರಬೇಕಾದರೆ ಲಕ್ಷಗಟ್ಟಲೆ ಡಿಗ್ರಿ ಬಿಸಿ ಬೇಕು ಅಂತ ನಾವು ಓದಿದ್ದೇವೆ, ಅಲ್ವಾ? 1997ರಲ್ಲಿ ಥಾಮಸ್ ಕ್ರೇವನ್ಸ್ ಉತ್ತರ ಕೊಟ್ಟರು. ಸೂರ್ಯನಿಂದ ಸೆಕೆಂಡಿಗೆ ಸುಮಾರು 400 ಕಿಲೋಮೀಟರ್ ವೇಗದಲ್ಲಿ ಸೌರಗಾಳಿ ಬೀಸುತ್ತದೆ. ಅದರಲ್ಲಿ ಏಳು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕದ ಅಯಾನುಗಳಿವೆ. ಅವು ಧೂಮಕೇತುವಿನ ನೀರಿನ ಕಣದಿಂದ ಒಂದು ಎಲೆಕ್ಟ್ರಾನ್ ತಗೊಳ್ಳುತ್ತವೆ. ನೀರು ಆ ಎಲೆಕ್ಟ್ರಾನನ್ನು ಹಿಡಿದಿರುವುದು 12.6 ಎಲೆಕ್ಟ್ರಾನ್ ವೋಲ್ಟ್‌ನಿಂದ. ಅಯಾನಿನ ತಳಮಟ್ಟ ಹಿಡಿಯುವುದು 739 ಎಲೆಕ್ಟ್ರಾನ್ ವೋಲ್ಟ್‌ನಿಂದ. ತಾಳ ಕೂಡುವ ಮಾತೇ ಇಲ್ಲ. ತಾಳ ಕೂಡುವುದು ಬಹಳ ಮೇಲಿನ ಮಟ್ಟದಲ್ಲಿ, 5ನೆಯದರ ಸುತ್ತಮುತ್ತ. ಎಲೆಕ್ಟ್ರಾನ್ ಅಲ್ಲಿಗೆ ಸೇರಿ, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತದೆ. ಕೊನೆಯ ದೊಡ್ಡ ಮೆಟ್ಟಿಲು ಇಳಿಯುವಾಗ ಎಕ್ಸ್-ರೇ ಹೊರಡುತ್ತದೆ. ಹಿಮದ ಗಡ್ಡೆ ತಣ್ಣಗೇ ಇರುತ್ತದೆ. 1962ರ ಪ್ರಯೋಗದ ಎವರ್‌ಹಾರ್ಟ್ ಧೂಮಕೇತು ಹುಡುಕುವವರೂ ಆಗಿದ್ದರು. 1964ರಲ್ಲಿ ಒಂದು, 1966ರಲ್ಲಿ ಇನ್ನೊಂದು ಕಂಡುಹಿಡಿದವರು ಅವರೇ. ತಮ್ಮ ಎರಡು ಪ್ರೀತಿಯ ಕೆಲಸಗಳು ಒಂದೇ ಜಾಗದಲ್ಲಿ ಸೇರಿದ್ದನ್ನು ನೋಡಲು ಅವರು ಉಳಿದಿರಲಿಲ್ಲ. ಅದನ್ನು ನೆನೆದಾಗ ನನಗೆ ಬೇಸರವಾಗುತ್ತದೆ.

ಇನ್ನು ವೇಗ ತುಂಬಾ ಜಾಸ್ತಿ ಆದರೆ ಏನಾಗುತ್ತದೆ ನೋಡೋಣ. ಹೈಡ್ರೋಜನ್‌ನಲ್ಲಿ ಎಲೆಕ್ಟ್ರಾನಿನ ವೇಗ ಸೆಕೆಂಡಿಗೆ ಸುಮಾರು 2,190 ಕಿಲೋಮೀಟರ್. 25,000 ಎಲೆಕ್ಟ್ರಾನ್ ವೋಲ್ಟ್ ಪ್ರೋಟಾನಿನ ವೇಗವೂ ಅಷ್ಟೇ. ಅದಕ್ಕಿಂತ ಜೋರಾಗಿ ಹೋದರೆ ಎಲೆಕ್ಟ್ರಾನಿಗೆ ಹೊಸ ತೊಂದರೆ ಶುರು. ವಿಜಯಪುರದ ಬಸ್ ಸ್ಟ್ಯಾಂಡಿನಲ್ಲಿ ಹೊರಡುತ್ತಿರುವ ಬಸ್ಸನ್ನು ನಾಲ್ಕು ಹೆಜ್ಜೆ ಓಡಿ ಹಿಡಿದವರನ್ನು ನೋಡಿದ್ದೇವೆ. ಸೋಲಾಪುರ ರಸ್ತೆಯಲ್ಲಿ ಪೂರ್ತಿ ವೇಗದಲ್ಲಿರುವ ಬಸ್ಸನ್ನು ಯಾರೂ ಹತ್ತಲಾರರು. ಹತ್ತುವವನೂ ಅಷ್ಟೇ ವೇಗದಲ್ಲಿ ಓಡಬೇಕಲ್ಲ. ಎಲೆಕ್ಟ್ರಾನಿನ ಅಲೆಯಲ್ಲಿ ಅಂಥ ದೊಡ್ಡ ವೇಗದ ಪಾಲು ಬಹಳ ಸಣ್ಣದು. 1928ರಲ್ಲಿ ಓಪನ್‌ಹೈಮರ್ ಮಾಡಿದ ಲೆಕ್ಕದಲ್ಲಿ, ಈ ಹಂತದಲ್ಲಿ ವೇಗ ಎರಡು ಪಟ್ಟಾದರೆ ಸಾಧ್ಯತೆ 4096ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಅದಕ್ಕೂ ಒಂದು ವರ್ಷ ಮೊದಲು ಲೆವೆಲಿನ್ ಥಾಮಸ್ ಇನ್ನೊಂದು ದಾರಿ ಹೇಳಿದ್ದರು. ಕೇರಂ ಆಡುವವರಿಗೆ ಇದು ಕೂಡಲೇ ಹೊಳೆಯುತ್ತದೆ. ಪ್ರೋಟಾನ್ ಎಲೆಕ್ಟ್ರಾನಿಗೆ ಬಡಿದು ಅದನ್ನು 60 ಡಿಗ್ರಿ ಓರೆಗೆ ತಳ್ಳುತ್ತದೆ. ಆಗ ಎಲೆಕ್ಟ್ರಾನಿನ ವೇಗ ಪ್ರೋಟಾನಿನಷ್ಟೇ ಇರುತ್ತದೆ. ಅದು ತನ್ನ ನ್ಯೂಕ್ಲಿಯಸ್‌ಗೆ ಬಡಿದು ಮತ್ತೆ 60 ಡಿಗ್ರಿ ತಿರುಗಿದರೆ ಪ್ರೋಟಾನಿನ ಜೊತೆ ಜೊತೆಗೇ ಓಡುತ್ತದೆ. ಬಸ್ಸಿನ ಪಕ್ಕ ಅದೇ ವೇಗದಲ್ಲಿ ಓಡಿದ ಹಾಗೆ! ಹೀಗಾದರೆ ಪ್ರೋಟಾನ್ 0.47 ಮಿಲಿರೇಡಿಯನ್ ಓರೆಯಾಗಬೇಕು, ಅಂದರೆ ಒಂದು ಡಿಗ್ರಿಯ ಸುಮಾರು 37ರಲ್ಲಿ ಒಂದು ಪಾಲು. 1983ರಲ್ಲಿ ಹೀಲಿಯಂ ಮೇಲೆ ಪ್ರೋಟಾನ್ ಬಿಟ್ಟು ನೋಡಿದಾಗ ಸರಿಯಾಗಿ ಅಲ್ಲೇ ಒಂದು ಸಣ್ಣ ದಿಬ್ಬ ಕಂಡಿತು.

ವೇಗ ಏರಿದಂತೆ ಸಾಧ್ಯತೆ ಹೀಗೆ ಇಳಿಯುವುದು ಫ್ಯೂಷನ್ (ಹಗುರ ನ್ಯೂಕ್ಲಿಯಸ್‌ಗಳನ್ನು ಬೆಸೆದು ಶಕ್ತಿ ತೆಗೆಯುವ) ಕೆಲಸ ಮಾಡುವವರಿಗೆ ನೇರವಾಗಿ ತಟ್ಟುತ್ತದೆ. ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಈಟರ್ ಎಂಬ ಫ್ಯೂಷನ್ ಯಂತ್ರದ ಒಳಗನ್ನು ಬಿಸಿ ಮಾಡಲು ಅಯಾನುಗಳಿಗೆ ವೇಗ ಕೊಟ್ಟು, ಅನಿಲದ ಮೂಲಕ ಹಾಯಿಸಿ, ವಿದ್ಯುದಂಶ ಇಲ್ಲದ ಪರಮಾಣುಗಳಾಗಿ ಒಳಗೆ ಬಿಡಲಿದ್ದಾರೆ. ವಿದ್ಯುದಂಶ ಇದ್ದರೆ ಕಾಂತಕ್ಷೇತ್ರ ಅವನ್ನು ತಿರುಗಿಸಿಬಿಡುತ್ತದೆ. ಆದರೆ ಅಲ್ಲಿ ಬೇಕಾದ ಶಕ್ತಿ ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್. ಆ ವೇಗದಲ್ಲಿ ಧನ ಅಯಾನು ಎಲೆಕ್ಟ್ರಾನ್ ಹಿಡಿಯುವುದೇ ಇಲ್ಲ. ಹಾಗಾಗಿ ಒಂದು ಎಲೆಕ್ಟ್ರಾನ್ ಜಾಸ್ತಿ ಇರುವ ಋಣ ಅಯಾನು ಮಾಡಿಕೊಂಡು, ಆ ಹೆಚ್ಚಿನದನ್ನು ಉದುರಿಸುತ್ತಾರೆ. ಭಾರತ ಕೊಡಬೇಕಾದ ಇನ್ನೊಂದು ಕಿರಣವೂ ಅಲ್ಲಿದೆ, ಒಂದು ಲಕ್ಷ ಎಲೆಕ್ಟ್ರಾನ್ ವೋಲ್ಟ್ ಹೈಡ್ರೋಜನ್‌ನದ್ದು. ಅದರ ಕೆಲಸ ಒಳಗಿನ ಹೀಲಿಯಂ ನ್ಯೂಕ್ಲಿಯಸ್‌ಗಳಿಗೆ ಎಲೆಕ್ಟ್ರಾನ್ ಕೊಡುವುದು. ಎಲೆಕ್ಟ್ರಾನ್ ಸಿಕ್ಕ ಹೀಲಿಯಂ ಬೆಳಕು ಚೆಲ್ಲುತ್ತದೆ. ಆ ಬೆಳಕು ನೋಡಿ ಹೀಲಿಯಂ ಎಷ್ಟಿದೆ ಅಂತ ಹೇಳಬಹುದು.

ಇಷ್ಟೆಲ್ಲ ಕೇಳಿದ ಮೇಲೆ ಆ ಹುಡುಗಿ ಕೆಂಪು ನೂಲಿನ ಕೀಲಿ ಹಿಡಿದು ಇನ್ನೊಂದು ಪ್ರಶ್ನೆ ಹಾಕಿದಳು. "ಸರ್, ಕೀಲಿಗೇನೋ ನೂಲು ಸುತ್ತೀರಿ. ಎರಡೂ ಪ್ರೋಟಾನ್ ಒಂದ ನಮೂನಿ ಅದಾವಲ್ರೀ. ಎಲೆಕ್ಟ್ರಾನ್ ಮನಿ ಬದಲ್ ಮಾಡ್ತು ಅಂತ ಹೆಂಗ ಹೇಳಬೇಕ್ರಿ?"

ವೇಗ ಇದ್ದಾಗ ಹೇಳಬಹುದು. ಜೋರಾಗಿ ಬಂದದ್ದು ಜೋರಾಗಿಯೇ ಮುಂದೆ ಹೋಗುತ್ತದೆ, ನಿಂತದ್ದು ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ವೇಗವೇ ಕೆಂಪು ನೂಲು. ಆದರೆ ಶಕ್ತಿ 1 ಎಲೆಕ್ಟ್ರಾನ್ ವೋಲ್ಟ್‌ಗಿಂತ ಕೆಳಗಿಳಿದರೆ ಎರಡೂ ಎಲ್ಲ ದಿಕ್ಕಿಗೂ ಚದುರುತ್ತವೆ. ಎಲೆಕ್ಟ್ರಾನ್ ಬದಲಾಯಿತೋ, ಪ್ರೋಟಾನೇ ತಿರುಗಿತೋ ಅಂತ ಬೇರ್ಪಡಿಸುವ ದಾರಿ ಇಲ್ಲ. ಎರಡೂ ದಾರಿಯ ಅಲೆಗಳನ್ನು ಮೊದಲು ಕೂಡಿಸಿ, ಆಮೇಲೆ ಸಾಧ್ಯತೆ ತೆಗೆಯಬೇಕು.

ಗುರುತು ಬೇಕೇ ಬೇಕು ಅಂದರೆ ಒಂದು ಪ್ರೋಟಾನಿನ ಬದಲು ಡ್ಯುಟೇರಿಯಂ (ಹೈಡ್ರೋಜನ್‌ನದೇ ಭಾರವಾದ ರೂಪ) ನ್ಯೂಕ್ಲಿಯಸ್ ಇಡಬಹುದು. ವಿದ್ಯುದಂಶ ಅಷ್ಟೇ, ತೂಕ ಎರಡು ಪಟ್ಟು. ಆದರೆ ನೂಲು ಸುತ್ತಿದ ಕೂಡಲೇ ತಾಳ ಒಂದು ಕೂದಲೆಳೆಯಷ್ಟು ಬದಲಾಗುತ್ತದೆ. ಡ್ಯುಟೇರಿಯಂ ತನ್ನ ಎಲೆಕ್ಟ್ರಾನನ್ನು 0.0037 ಎಲೆಕ್ಟ್ರಾನ್ ವೋಲ್ಟ್‌ನಷ್ಟು ಹೆಚ್ಚು ಬಿಗಿಯಾಗಿ ಹಿಡಿದಿರುತ್ತದೆ. ಬಿಸಿ ಅನಿಲದಲ್ಲಿ ಇದು ಲೆಕ್ಕಕ್ಕೇ ಇಲ್ಲ. ನಕ್ಷತ್ರಗಳ ನಡುವಿನ ಕತ್ತಲೆ ಮೋಡಗಳಲ್ಲಿ ಉಷ್ಣತೆ 10 ಕೆಲ್ವಿನ್ ಹತ್ತಿರ. ಅಲ್ಲಿ ಡ್ಯುಟೇರಿಯಂ ಅಯಾನು ಹೈಡ್ರೋಜನ್‌ನಿಂದ ಎಲೆಕ್ಟ್ರಾನ್ ತಗೊಳ್ಳುತ್ತದೆ. ವಾಪಸ್ ಕೊಡಲು ಆ 0.0037 ಬೇಕು, ಅಷ್ಟು ಬಿಸಿ ಆ ಮೋಡದಲ್ಲಿ ಇರುವುದಿಲ್ಲ.